ಕಡಲೆಕಾಯಿಯ ಋಣ

ಕಾರ್ತಿಕ ಮಾಸದ ಕೊನೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುವುದನ್ನು ವಾಚಕರು ಬಲ್ಲರು. ಚಿಂತಾಮಣಿ, ಶ್ರೀನಿವಾಸಪುರ, ಮಾಗಡಿ ಮೊದಲಾದ ಕಡೆಗಳಿಂದ ಬಂದ ರಾಶಿ ರಾಶಿ ಕಡಲೆಕಾಯಿಯು ಬೀದಿಯ ಎರಡು ಬದಿಯಲ್ಲೂ ಗುಡ್ಡೆ ಬಿದ್ದಿರುತ್ತದೆ. ಹೊಸ ಬೆಳೆಯ ಮೊದಲ ಪಾಲು ದೊಡ್ಡ ಬಸವಣ್ಣನಿಗೆ; ಮಿಕ್ಕದ್ದು ಊರಿಗೆ. ಅದೇ ಹೊತ್ತಿಗೆ, ಭೂಗೋಳದ ಆಚೆಯ ಬದಿಯಲ್ಲಿ, ಅಮೆರಿಕಾ ಸಂಯುಕ್ತ ಸಂಸ್ಥಾನದ ಮನೆಮನೆಗಳಲ್ಲಿ ‘ಥ್ಯಾಂಕ್ಸ್‌ಗಿವಿಂಗ್’ ಎಂಬ ಉಪಕಾರಸ್ಮರಣೆಯ ಹಬ್ಬ ನಡೆಯುವುದು. ಆ ದೇಶದಲ್ಲಿ ನೆಲೆಸಿರುವ ಸಹಸ್ರಾರು ಕನ್ನಡಿಗರೂ ಇಂದು ಆ ಹಬ್ಬದ ಪಂಕ್ತಿಯಲ್ಲಿ ಕುಳಿತುಕೊಳ್ಳುತ್ತಾರೆ.

ಈ ಎರಡು ಹಬ್ಬಗಳಿಗೂ ವಿಜ್ಞಾನದ ಪತ್ರಿಕೆಗೂ ಏನು ಸಂಬಂಧವೆಂದು ಕೇಳಬಹುದು. ‘ಕೃತಜ್ಞತೆ’ ಎಂಬ ಪದವನ್ನೇ ಬಿಡಿಸಿ ನೋಡೋಣ. ಕೃತ ಎಂದರೆ ಮಾಡಲ್ಪಟ್ಟದ್ದು. ಜ್ಞ ಎಂದರೆ ಅರಿತವನು. ತನಗಾಗಿ ಏನು ಮಾಡಲ್ಪಟ್ಟಿದೆ ಎಂಬುದನ್ನು ಅರಿತವನೇ ಕೃತಜ್ಞ. ಆದುದರಿಂದ ಕೃತಜ್ಞತೆಯು ಮೊದಲು ಒಂದು ಅರಿವು, ಆಮೇಲೆ ಒಂದು ಭಾವ. ಅರಿವು ಎಲ್ಲಿದೆಯೋ ಅಲ್ಲಿ ವಿಜ್ಞಾನಕ್ಕೆ ಪ್ರವೇಶವುಂಟು. ನಮ್ಮ ಕೈಯಲ್ಲಿರುವ ಒಂದು ಹಿಡಿ ಕಡಲೆಕಾಯಿಯನ್ನೇ ಆಧಾರವಾಗಿಟ್ಟುಕೊಂಡು ಈ ಅರಿವು ಎಷ್ಟು ದೂರ ಹೋಗುತ್ತದೆಂಬುದನ್ನು ಪರೀಕ್ಷಿಸೋಣ.

ಎರಡು ದಿನಗಳ ಗಣಿತ

ಥ್ಯಾಂಕ್ಸ್‌ಗಿವಿಂಗ್ ಹಬ್ಬವು ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಬರುವುದು. ತಿಂಗಳ ಮೊದಲನೆಯ ಗುರುವಾರ 1ರಿಂದ 7ರೊಳಗೆ ಬೀಳಲೇಬೇಕು; ಅದಕ್ಕೆ 21 ಕೂಡಿಸಿದರೆ ನಾಲ್ಕನೆಯದು. ಎಂದರೆ ಈ ಹಬ್ಬ ಯಾವಾಗಲೂ 22ರಿಂದ 28ರೊಳಗೆ ಇರುತ್ತದೆ. ಅದು ಸೂರ್ಯನನ್ನು ಮಾತ್ರ ಅನುಸರಿಸುವ ಪಂಚಾಂಗದ ಹಬ್ಬ. ನಮ್ಮ ಪರಿಷೆಯಾದರೋ ಚಂದ್ರನನ್ನೂ ಕೇಳಬೇಕು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29.53 ದಿನ, ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು 354 ದಿನ. ಸೂರ್ಯನ ವರ್ಷಕ್ಕೆ ಇದು ಸುಮಾರು 11 ದಿನ ಕಡಿಮೆ. ಆದ್ದರಿಂದ ಪರಿಷೆಯು ವರ್ಷ ವರ್ಷವೂ ಹಿಂದಕ್ಕೆ ಸರಿಯುತ್ತ ಹೋಗುವುದು. ಕೊರತೆ ಒಂದು ತಿಂಗಳಷ್ಟಾದಾಗ ಅಧಿಕ ಮಾಸ ಬಂದು ಅದನ್ನು ಮುಂದಕ್ಕೆ ತಳ್ಳುವುದು.

ಉದಾಹರಣೆಗೆ, 2022ರಲ್ಲಿ ಕಾರ್ತಿಕದ ಕೊನೆಯ ಸೋಮವಾರ ನವೆಂಬರ್ 21ರಂದು ಬಂದಿತು. 2023ರಲ್ಲಿ ಅಧಿಕ ಶ್ರಾವಣವಿದ್ದುದರಿಂದ ಅದು ಡಿಸೆಂಬರ್ 11ಕ್ಕೆ ಹಾರಿತು. 2024ರಲ್ಲಿ ನವೆಂಬರ್ 25. 2025ರಲ್ಲಿ ನವೆಂಬರ್ 17. ಇವುಗಳಲ್ಲಿ 2022 ಮತ್ತು 2024ರಲ್ಲಿ ಸೋಮವಾರ ಇಲ್ಲಿ ಪರಿಷೆ, ಅದೇ ವಾರದ ಗುರುವಾರ ಅಲ್ಲಿ ಥ್ಯಾಂಕ್ಸ್‌ಗಿವಿಂಗ್. ಹೀಗೆ ಎರಡೂ ಹತ್ತಿರ ಬರುವುದು ಕೇವಲ ಆಕಸ್ಮಿಕವೂ ಅಲ್ಲ. ಉತ್ತರಾರ್ಧಗೋಳದಲ್ಲಿ ಬೇಸಗೆಯ ಬಿಸಿಲು ಮುಗಿದು, ಬೆಳೆ ಮಾಗಿ, ಕಣಜ ತುಂಬುವ ಕಾಲವದು. ಭೂಮಿಯ ಅಕ್ಷ ಇಪ್ಪತ್ತಮೂರೂವರೆ ಅಂಶಗಳಷ್ಟು ಓರೆಯಾಗಿರುವುದರಿಂದಲೇ ಋತುಗಳು; ಋತುಗಳಿಂದಲೇ ಸುಗ್ಗಿ; ಸುಗ್ಗಿಯಿಂದಲೇ ಹಬ್ಬ. ಕೊಯ್ಲು ಬೇಗನೆ ಮುಗಿಯುವ ಕೆನಡಾದಲ್ಲಿ ಇದೇ ಹಬ್ಬವನ್ನು ಅಕ್ಟೋಬರ್ ತಿಂಗಳ ಎರಡನೆಯ ಸೋಮವಾರವೇ ಆಚರಿಸುವರು.

ಪರದೇಶದಲ್ಲಿದ್ದು ಬಂದ ಗುರು

ಅಮೆರಿಕಾದ ಹಬ್ಬದ ಕಥೆ 1621ರದು. ಅದರ ಹಿಂದಿನ ವರ್ಷ ‘ಮೇಫ್ಲವರ್’ ಎಂಬ ಹಡಗಿನಲ್ಲಿ ಇಂಗ್ಲೆಂಡಿನಿಂದ 102 ಮಂದಿ ಪ್ರಯಾಣಿಕರು ಹೊರಟು ಅಮೆರಿಕಾದ ಪೂರ್ವ ತೀರವನ್ನು ಸೇರಿ ಪ್ಲಿಮತ್ ಎಂಬಲ್ಲಿ ಬೀಡುಬಿಟ್ಟರು. ಆಗ ಚಳಿಗಾಲದ ಆರಂಭ. ವಸಂತ ಬರುವುದರೊಳಗೆ ಅವರಲ್ಲಿ ಸುಮಾರು ಅರ್ಧದಷ್ಟು ಜನ ರೋಗಕ್ಕೂ ಹಸಿವಿಗೂ ತುತ್ತಾದರು. ಉಳಿದವರಿಗೆ ಆ ನೆಲದಲ್ಲಿ ಬೇಸಾಯ ಮಾಡುವ ವಿದ್ಯೆ ತಿಳಿಯದು. ಅದನ್ನು ಕಲಿಸಿದವನು ಟಿಸ್ಕ್ವಾಂಟಮ್ ಎಂಬ ಆ ನಾಡಿನ ಮೂಲನಿವಾಸಿ.

ಈತನ ವೃತ್ತಾಂತವು ಮರುಕ ಹುಟ್ಟಿಸುವಂಥದು. 1614ರಲ್ಲಿ ಒಬ್ಬ ಆಂಗ್ಲ ನಾವಿಕನು ಇವನನ್ನು ಮೋಸದಿಂದ ಹಿಡಿದು ಸ್ಪೇನ್ ದೇಶಕ್ಕೆ ಒಯ್ದು ಮಾರಿದನು. ಅಲ್ಲಿಂದ ಹೇಗೋ ಇಂಗ್ಲೆಂಡನ್ನು ಸೇರಿ, ಆ ಭಾಷೆಯನ್ನು ಕಲಿತು, 1619ರಲ್ಲಿ ತನ್ನ ಊರಿಗೆ ಮರಳಿದಾಗ ಊರೇ ಇರಲಿಲ್ಲ. ಯೂರೋಪಿನವರ ಸಂಪರ್ಕದಿಂದ ಹಬ್ಬಿದ ಸಾಂಕ್ರಾಮಿಕ ರೋಗವೊಂದು ಅವನ ಜನರನ್ನೆಲ್ಲ ಅಳಿಸಿಹಾಕಿತ್ತು. ಪ್ಲಿಮತ್ ವಸಾಹತು ಎದ್ದದ್ದು ಆ ಬರಿದಾದ ಊರಿನ ಜಾಗದಲ್ಲಿಯೇ. ಪರದೇಶವಾಸದ ಕಷ್ಟವನ್ನು ಉಂಡು ಬಂದ ಈ ಮನುಷ್ಯ, ತನ್ನ ನೆಲಕ್ಕೆ ಬಂದ ಪರದೇಶಿಗಳಿಗೆ ಮುಸುಕಿನ ಜೋಳವನ್ನು ಬಿತ್ತುವ ಬಗೆಯನ್ನೂ, ಬೀಜದ ಗುಳಿಯಲ್ಲಿ ಮೀನನ್ನು ಗೊಬ್ಬರವಾಗಿ ಹೂಳುವ ಕ್ರಮವನ್ನೂ ತೋರಿಸಿಕೊಟ್ಟನು. ಆ ವರ್ಷದ ಶರತ್ಕಾಲದಲ್ಲಿ ಬೆಳೆ ಕೈಗೆ ಬಂದಾಗ ಮೂರು ದಿನ ಔತಣ ನಡೆಯಿತು. ವಾಂಪನೋವಾಗ್ ಜನರ ನಾಯಕನಾದ ಮಸಾಸೋಯಿಟ್ ತನ್ನ ಸುಮಾರು 90 ಜನರೊಡನೆ ಬಂದು ಐದು ಜಿಂಕೆಗಳನ್ನು ತಂದಿತ್ತನು.

ಆ ತೀರದ ಮೂಲನಿವಾಸಿಗಳು ಜೋಳ, ಹುರುಳಿಯ ಜಾತಿಯ ಅವರೆ, ಕುಂಬಳ ಈ ಮೂರನ್ನೂ ಒಂದೇ ಮಡಿಯಲ್ಲಿ ಬೆಳೆಯುತ್ತಿದ್ದರು. ಜೋಳದ ದಂಟು ಅವರೆಬಳ್ಳಿಗೆ ಆಸರೆ. ಅವರೆಯ ಬೇರು ನೆಲಕ್ಕೆ ಸಾರಜನಕವನ್ನು ಸೇರಿಸುವುದು. ಕುಂಬಳದ ಅಗಲವಾದ ಎಲೆ ನೆಲವನ್ನು ಮುಚ್ಚಿ ತೇವವನ್ನು ಕಾಯುವುದು. ಇವನ್ನು ‘ಮೂವರು ಸೋದರಿಯರು’ ಎಂದು ಕರೆಯುವುದುಂಟು. ನಮ್ಮ ಮೈಸೂರು ಸೀಮೆಯ ರೈತನು ರಾಗಿಯ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳುಗಳನ್ನು ಅಕ್ಕಡಿ ಸಾಲಾಗಿ ಹಾಕುವುದರ ಹಿಂದೆಯೂ ಇದೇ ತತ್ತ್ವವಿದೆ. ಒಬ್ಬರನ್ನೊಬ್ಬರು ಕಾಣದ ಎರಡು ನಾಡುಗಳ ಬೇಸಾಯಗಾರರು ಒಂದೇ ನಿರ್ಣಯಕ್ಕೆ ಬಂದದ್ದು, ಇಬ್ಬರೂ ಕಣ್ಣಿಟ್ಟು ಪ್ರಕೃತಿಯನ್ನು ನೋಡಿದುದರ ಫಲ.

ಆದರೆ ಔತಣದ ನೆನಪು ಬಹುಕಾಲ ನಿಲ್ಲಲಿಲ್ಲ. 1675ರಲ್ಲಿ, ಎಂದರೆ ಐವತ್ತನಾಲ್ಕು ವರ್ಷಗಳಲ್ಲಿ, ಮಸಾಸೋಯಿಟನ ಮಗನಾದ ಮೆಟಾಕಾಮನಿಗೂ ವಸಾಹತುಗಾರರಿಗೂ ಘೋರ ಯುದ್ಧ ನಡೆದು ಆ ಜನಾಂಗವೇ ಛಿದ್ರವಾಯಿತು. ಅಂತರ್ಯುದ್ಧದ ನಡುವೆ, 1863ರಲ್ಲಿ, ಅಧ್ಯಕ್ಷ ಲಿಂಕನ್ ನವೆಂಬರ್ ತಿಂಗಳ ಕೊನೆಯ ಗುರುವಾರವನ್ನು ರಾಷ್ಟ್ರದ ಕೃತಜ್ಞತೆಯ ದಿನವೆಂದು ಸಾರಿದನು. 1941ರಲ್ಲಿ ಶಾಸನವು ಅದನ್ನು ನಾಲ್ಕನೆಯ ಗುರುವಾರವೆಂದು ಸ್ಥಿರಗೊಳಿಸಿತು. 1970ರಿಂದ ಮೂಲನಿವಾಸಿಗಳು ಅದೇ ದಿನ ಪ್ಲಿಮತ್‌ನಲ್ಲಿ ನೆರೆದು ಶೋಕದಿನವನ್ನು ಆಚರಿಸುತ್ತಿದ್ದಾರೆ. ಕೃತಜ್ಞತೆಗೆ ಒಂದು ದಿನವನ್ನು ಮೀಸಲಿಡುವುದು ಸುಲಭ. ಉಪಕಾರ ಮಾಡಿದವನನ್ನು ಉಳಿದ ದಿನಗಳಲ್ಲಿಯೂ ನೆನೆಯುವುದು ಕಷ್ಟ ಎಂಬುದಕ್ಕೆ ಈ ಚರಿತ್ರೆ ಸಾಕ್ಷಿ. ಮಾಡಿದ ಉಪಕಾರವನ್ನೇ ಕೊಲ್ಲುವವನನ್ನು ‘ಕೃತಘ್ನ’ ಎಂದು ನಮ್ಮ ಹಿರಿಯರು ಕರೆದಿರುವರು.

ಹೆಸರಿನಲ್ಲಿ ಅಡಗಿದ ಮರೆವು

ನಾವು ಇನ್ನೊಬ್ಬರನ್ನು ದೂರುವ ಮೊದಲು ನಮ್ಮ ಅಡಿಗೆಮನೆಯನ್ನು ನೋಡಿಕೊಳ್ಳುವುದು ಲೇಸು. ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ, ಸಿಹಿಗೆಣಸು, ಸಿಹಿಗುಂಬಳ, ಮುಸುಕಿನ ಜೋಳ, ಸೀಬೆ, ಪರಂಗಿ, ಗೋಡಂಬಿ, ಸೀಮೆಬದನೆ, ಕಡಲೆಕಾಯಿ—ಇವೆಲ್ಲ ಅಮೆರಿಕಾ ಖಂಡಗಳ ಮೂಲನಿವಾಸಿಗಳು ಕಾಡುಗಿಡಗಳಿಂದ ಆರಿಸಿ, ತಲೆತಲಾಂತರ ತಿದ್ದಿ, ಜಗತ್ತಿಗೆ ಕೊಟ್ಟವು. 1492ರ ತರುವಾಯ ಹಡಗುಗಳ ಮೂಲಕ ಅವು ಪ್ರಪಂಚವೆಲ್ಲ ಹರಡಿದವು.

ಹೊಸ ಅತಿಥಿಗೆ ನಾವು ಹಳೆಯ ನಂಟರ ಹೆಸರನ್ನೇ ಇಟ್ಟೆವು. ಖಾರವಾಗಿದ್ದುದರಿಂದ ಮೆಣಸಿನ ಹೆಸರು ಮೆಣಸಿನಕಾಯಿಗೆ ಬಂದಿತು. ಕಡಲೆಯ ರುಚಿಯನ್ನು ಹೋಲಿದುದರಿಂದ ಇನ್ನೊಂದು ಕಡಲೆಕಾಯಿಯಾಯಿತು. ಜೋಳವಲ್ಲದ್ದು ಮುಸುಕು ಹೊದ್ದು ಜೋಳವಾಯಿತು. ಸೀಮೆಬದನೆಯಲ್ಲಿ ಮಾತ್ರ ‘ಸೀಮೆ’ ಎಂಬ ಮುದ್ರೆ ಉಳಿದು, ಇದು ಹೊರಗಿನದೆಂದು ಸಾರುತ್ತಿದೆ. ಹೀಗೆ ಅತಿಥಿಯು ಮನೆಯವನಾದುದು ಸಂತೋಷವೇ. ಆದರೆ ಅವನು ಎಲ್ಲಿಂದ ಬಂದನೆಂಬುದು ಮರೆತುಹೋಯಿತು.

ಈ ಮರೆವು ನಮ್ಮದೊಂದೇ ಅಲ್ಲ. ಅಮೆರಿಕಾದ ಹಬ್ಬದೂಟದ ಮುಖ್ಯ ಭಕ್ಷ್ಯವಾದ ದೊಡ್ಡ ಕೋಳಿ ಆ ಖಂಡದ್ದೇ. ಆದರೂ ಇಂಗ್ಲಿಷರು ಅದನ್ನು ‘ಟರ್ಕಿ’ ಎಂದು ಕರೆದರು. ತುರ್ಕಿಯವರು ಅದು ಭಾರತದ್ದೆಂದು ಭಾವಿಸಿ ‘ಹಿಂದಿ’ ಎಂದು ಕರೆಯುತ್ತಾರೆ. ಪೋರ್ತುಗೀಸರಿಗೆ ಅದು ‘ಪೆರು’! ಭಾರತದಲ್ಲಿ ಇದು ಹೊಸದಾಗಿ ಕಂಡಾಗಲಾದರೋ ವಿಸ್ಮಯಪಡುವ ಕಣ್ಣುಗಳಿದ್ದವು. 1612ರಲ್ಲಿ ಗೋವೆಯಿಂದ ತರಿಸಿದ ಒಂದು ಟರ್ಕಿ ಕೋಳಿಯನ್ನು ಕಂಡು ಮೊಗಲ್ ಚಕ್ರವರ್ತಿ ಜಹಾಂಗೀರನು ಅದರ ರೂಪವನ್ನು ತನ್ನ ದಿನಚರಿಯಲ್ಲಿ ವಿವರವಾಗಿ ಬರೆದನು. ಅವನ ಆಸ್ಥಾನದ ಮನ್ಸೂರನು ಚಿತ್ರವನ್ನು ಬರೆದನು.

ಬಸವನಗುಡಿಯ ಐತಿಹ್ಯವನ್ನೂ ಈ ಬೆಳಕಿನಲ್ಲಿ ನೋಡಬಹುದು. ಬಸವವೊಂದು ಬಂದು ರೈತರ ಕಡಲೆಕಾಯಿ ಹೊಲಗಳನ್ನು ಮೇಯುತ್ತಿತ್ತು. ಮೊದಲ ಬೆಳೆಯನ್ನು ಒಪ್ಪಿಸುವುದಾಗಿ ರೈತರು ಹರಕೆ ಹೊತ್ತ ಮೇಲೆ ಕಾಟ ನಿಂತಿತು ಎಂದು ಜನ ಹೇಳುವರು. ದೇವಾಲಯವು ಕೆಂಪೇಗೌಡನ ಕಾಲದ್ದು, ಎಂದರೆ ಹದಿನಾರನೆಯ ಶತಮಾನದ್ದೆಂದು ಪ್ರತೀತಿ. ಕಡಲೆಕಾಯಿಯ ಬೇಸಾಯ ದಕ್ಷಿಣ ಭಾರತದಲ್ಲಿ ವಿಸ್ತಾರವಾಗಿ ಹರಡಿದುದಾದರೋ ಹತ್ತೊಂಬತ್ತನೆಯ ಶತಮಾನದಲ್ಲಿ. ಆದುದರಿಂದ ಗುಡಿಗಿಂತ ಕಡಲೆಕಾಯಿಯ ಹರಕೆ ಈಚಿನದಿರಬೇಕೆಂದು ಊಹಿಸಬಹುದು. ಇದರಿಂದ ಪರಿಷೆಯ ಹಿರಿಮೆ ಕುಂದದು. ದೂರದ ಖಂಡದಿಂದ ಬಂದ ಬೆಳೆಯೊಂದನ್ನು ನಮ್ಮ ರೈತರು ಎಷ್ಟು ಆದರದಿಂದ ತಮ್ಮದಾಗಿಸಿಕೊಂಡರೆಂಬುದಕ್ಕೆ ಅದೇ ನಿದರ್ಶನ.

ನೆಲಕ್ಕೆ ಇಳಿಯುವ ಕಾಯಿ

ಕಡಲೆಕಾಯಿಯ ಹುಟ್ಟೂರು ದಕ್ಷಿಣ ಅಮೆರಿಕಾ. ಇಂದಿನ ಬೊಲಿವಿಯ ಮತ್ತು ಅರ್ಜೆಂಟೀನ ದೇಶಗಳು ಸಂಧಿಸುವ ಪ್ರದೇಶ. ಇಪ್ಪತ್ತು ವರ್ಣತಂತುಗಳುಳ್ಳ ಎರಡು ಕಾಡುಜಾತಿಗಳು ಬೆರೆತು ನಲವತ್ತು ವರ್ಣತಂತುಗಳ ಈ ಗಿಡ ಹುಟ್ಟಿತೆಂಬುದು, ಆ ಎರಡು ಕಾಡುಜಾತಿಗಳ ವಂಶವಾಹಿ ಲಿಪಿಯನ್ನು 2016ರಲ್ಲಿ ಓದಿದಾಗ ದೃಢಪಟ್ಟಿತು. ಹೈದರಾಬಾದಿನ ಬಳಿಯ ಇಕ್ರಿಸಾಟ್ ಸಂಸ್ಥೆಯ ವಿಜ್ಞಾನಿಗಳೂ ಆ ಕಾರ್ಯದಲ್ಲಿ ಪಾಲುಗೊಂಡಿದ್ದರು. ಬೇರೆ ಬೇರೆ ಎಡೆಗಳಲ್ಲಿದ್ದ ಆ ಎರಡು ಜಾತಿಗಳು ಕೂಡುವಂತಾದದ್ದು, ಅಂದಿನ ಜನರು ಒಂದರ ಬೀಜವನ್ನು ಇನ್ನೊಂದರ ನೆಲೆಗೆ ಒಯ್ದುದರಿಂದ ಇರಬೇಕೆಂದು ಅವರ ತರ್ಕ. ಸಾವಿರಾರು ವರ್ಷಗಳ ಹಿಂದೆ ಬುತ್ತಿಯಲ್ಲಿ ಬೀಜ ಕಟ್ಟಿಕೊಂಡು ನಡೆದ, ಹೆಸರು ತಿಳಿಯದ ಯಾರೋ ಒಬ್ಬರಿಗೆ ನಮ್ಮ ಪರಿಷೆ ಋಣಿಯಾಗಿದೆ.

ಈ ಗಿಡದ ನಡತೆ ಭೌತವಿಜ್ಞಾನದ ವಿದ್ಯಾರ್ಥಿಗೆ ವಿಶೇಷವಾಗಿ ಸ್ವಾರಸ್ಯಕರವಾದುದು. ಇದರ ಹಳದಿಯ ಹೂವು ನೆಲದ ಮೇಲೆ ಅರಳಿ ಬೇಗನೆ ಬಾಡುವುದು. ಗರ್ಭಧಾರಣೆಯಾದ ಮೇಲೆ ಅಂಡಾಶಯದ ಬುಡವು ಸೂಜಿಯಂತೆ ನೀಳವಾಗಿ ಬೆಳೆದು, ಭೂಮಿಯ ಗುರುತ್ವಾಕರ್ಷಣವನ್ನು ಅನುಸರಿಸಿ ನೇರ ಕೆಳಕ್ಕೆ ಇಳಿಯುತ್ತದೆ. ಜೀವಕೋಶಗಳೊಳಗಿನ ಪಿಷ್ಟದ ಕಣಗಳು ಭಾರದಿಂದ ತಳಕ್ಕೆ ಕುಳಿತು ‘ಕೆಳಗು’ ಯಾವುದೆಂಬುದನ್ನು ಗಿಡಕ್ಕೆ ತಿಳಿಸುವುವು. ಮೊನೆಯು ಮಣ್ಣನ್ನು ಹೊಕ್ಕು ಕೆಲವು ಸೆಂಟಿಮೀಟರ್ ಇಳಿದು, ಕತ್ತಲೆ ಮತ್ತು ಮಣ್ಣಿನ ಒತ್ತಡ ದೊರೆತ ಮೇಲೆಯೇ, ಅಡ್ಡಲಾಗಿ ತಿರುಗಿ ಕಾಯಾಗಿ ಊದಿಕೊಳ್ಳುವುದು. ನೆಲವನ್ನು ಮುಟ್ಟಲಾಗದ ಮೊನೆ ಒಣಗಿಹೋಗುವುದು. ಬಲಿಯುತ್ತಿರುವ ಕಾಯಿಯು ತನಗೆ ಬೇಕಾದ ಸುಣ್ಣದಂಶವನ್ನು ಸುತ್ತಲಿನ ಮಣ್ಣಿನಿಂದಲೇ ಹೀರುವುದು. ಆದ್ದರಿಂದಲೇ ರೈತರು ಹೂ ಬಿಡುವ ಕಾಲದಲ್ಲಿ ಬುಡಕ್ಕೆ ಜಿಪ್ಸಂ ಕೊಟ್ಟು ಮಣ್ಣೇರಿಸುವರು.

ಬೇರಿನಲ್ಲಿ ಇನ್ನೊಂದು ಅದ್ಭುತವಿದೆ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ. ಆದರೆ ಅದರ ಎರಡು ಪರಮಾಣುಗಳು ಮೂರು ಬಂಧಗಳಿಂದ ಬಿಗಿದುಕೊಂಡಿರುವುದರಿಂದ ಗಿಡಕ್ಕೆ ಎಟುಕದು. ಈ ಬಂಧವನ್ನು ಕಾರ್ಖಾನೆಯಲ್ಲಿ ಒಡೆಯುವ ಮಾರ್ಗವನ್ನು ಫ್ರಿಟ್ಸ್ ಹಾಬರ್ 1909ರಲ್ಲಿ ತೋರಿಸಿದನು. ಅದಕ್ಕೆ 400ರಿಂದ 500 ಸೆಂಟಿಗ್ರೇಡ್ ಉಷ್ಣತೆಯೂ, ವಾಯುಮಂಡಲದ ಒತ್ತಡದ ನೂರೈವತ್ತು ಇನ್ನೂರು ಪಟ್ಟು ಒತ್ತಡವೂ ಬೇಕು. ಕಡಲೆಗಿಡದ ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಇದೇ ಕೆಲಸವನ್ನು ಹೊಲದ ಸಾಮಾನ್ಯ ಉಷ್ಣತೆಯಲ್ಲಿ, ಸದ್ದಿಲ್ಲದೆ ಮಾಡಿ ಮುಗಿಸುತ್ತವೆ. ಕೂಲಿಯಾಗಿ ಗಿಡವು ಅವಕ್ಕೆ ಸಕ್ಕರೆಯನ್ನು ಉಣಿಸುತ್ತದೆ. ಹಸಿ ಗಂಟನ್ನು ಉಗುರಿನಿಂದ ಸೀಳಿ ನೋಡಿರಿ: ಒಳಗೆ ನಸುಗೆಂಪು ಬಣ್ಣವಿದ್ದರೆ ಕೆಲಸ ನಡೆಯುತ್ತಿದೆ ಎಂದು ತಿಳಿಯಬೇಕು. ಆ ಬಣ್ಣ ನಮ್ಮ ರಕ್ತದ ಕೆಂಪಿಗೆ ಕಾರಣವಾದ ವಸ್ತುವಿನ ದಾಯಾದಿಯಿಂದ ಬಂದುದು.

ಇವೆಲ್ಲದರ ಮೇಲೆ ಮನುಷ್ಯರ ದುಡಿಮೆಯೂ ಸೇರಿದೆ. ತಿಂಡಿವನದ ಸಂಶೋಧನ ಕ್ಷೇತ್ರದಿಂದ 1940ರಲ್ಲಿ ಬಂದ ಟಿ.ಎಂ.ವಿ.-2 ತಳಿಯು ನಮ್ಮ ಪಾವಗಡ, ಚಳ್ಳಕೆರೆಗಳ ಮಳೆಯಾಶ್ರಿತ ಹೊಲಗಳನ್ನು ದಶಕಗಳ ಕಾಲ ಆಳಿತು. ಟ್ರಾಂಬೆಯ ಪರಮಾಣು ಸಂಶೋಧನ ಕೇಂದ್ರದವರು ಬೀಜಗಳ ಮೇಲೆ ಎಕ್ಸ್ ಕಿರಣಗಳನ್ನು ಹಾಯಿಸಿ, ಹುಟ್ಟಿದ ಮಾರ್ಪಾಟುಗಳಲ್ಲಿ ಒಳ್ಳೆಯದನ್ನು ಆರಿಸಿ, ಹೊಸ ತಳಿಗಳನ್ನು ಪಡೆದರು.

ಪರದೇಶದ ಪಂಕ್ತಿ

ಈಗ ಅಮೆರಿಕಾದ ಕನ್ನಡಿಗರ ಮನೆಗೆ ಬರೋಣ. ನವೆಂಬರ್ ತಿಂಗಳ ಆ ಗುರುವಾರ ವಿಶ್ವವಿದ್ಯಾನಿಲಯಗಳು ಮುಚ್ಚಿರುತ್ತವೆ. ಅಂಗಡಿ ಬೀದಿಗಳು ಬರಿದಾಗಿರುತ್ತವೆ. ಎಲ್ಲರೂ ತಮ್ಮ ತಮ್ಮ ತವರಿಗೆ ಹೋಗಿರುತ್ತಾರೆ. ಹೊಸದಾಗಿ ಹೋದ ವಿದ್ಯಾರ್ಥಿಗೆ ಅದು ವರ್ಷದಲ್ಲಿಯೇ ಒಂಟಿತನದ ದಿನ. ಇದನ್ನರಿತ ಅಧ್ಯಾಪಕರೂ ಸಹಪಾಠಿಗಳೂ, ಅಲ್ಲಿ ಮೊದಲೇ ನೆಲೆಸಿದ ಕನ್ನಡ ಕುಟುಂಬಗಳೂ, ಇಂಥವರನ್ನು ಊಟಕ್ಕೆ ಕರೆಯುವುದು ವಾಡಿಕೆ. ಶಾಕಾಹಾರಿಗಳ ಮನೆಯಲ್ಲಿ ಟರ್ಕಿ ಕೋಳಿಯ ಸ್ಥಾನದಲ್ಲಿ ಸಿಹಿಗುಂಬಳದ ಪಲ್ಯ, ಗೆಣಸು, ಮುಸುಕಿನ ಜೋಳ, ಕ್ರ್ಯಾನ್‌ಬೆರ್ರಿಯ ಗೊಜ್ಜು ಕಾಣಿಸಿಕೊಳ್ಳುತ್ತವೆ. ಸೋಜಿಗವೆಂದರೆ, ಅತ್ತೆ ಮನೆಯ ಹಬ್ಬಕ್ಕೆ ತವರಿನ ಅಡಿಗೆ ಮಾಡಿದೆವೆಂದು ಅವರು ಎಣಿಸುವ ಈ ಪಲ್ಯಗಳ ಕಾಯಿಗಳೆಲ್ಲ ಅಮೆರಿಕಾದವೇ. ಅವು ಬೆಂಗಳೂರಿಗೆ ಬಂದು, ಒಗ್ಗರಣೆ ಹಾಕಿಸಿಕೊಂಡು, ಹುಟ್ಟೂರಿಗೆ ಹಿಂದಿರುಗಿವೆ.

ಊಟಕ್ಕೆ ಮೊದಲು ಒಬ್ಬೊಬ್ಬರೂ ತಾವು ಯಾವುದಕ್ಕೆ ಕೃತಜ್ಞರೆಂಬುದನ್ನು ಹೇಳುವ ಪದ್ಧತಿ ಅನೇಕ ಮನೆಗಳಲ್ಲಿದೆ. ನಮ್ಮವರಿಗೆ ಇದು ಮೊದಮೊದಲು ಮುಜುಗರವನ್ನು ತರುವುದು. ವಿಜಯನಗರದಿಂದ ಅಲ್ಲಿಗೆ ಹೋದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಬರೆದಿದ್ದನು: “ಸಾರ್, ನನ್ನ ಸರದಿ ಬಂದಾಗ ಬಾಯಿ ಕಟ್ಟಿಹೋಯಿತು. ಅಮ್ಮನಿಗೆ ಥ್ಯಾಂಕ್ಸ್ ಎಂದರೆ, ‘ಏನೋ ಇದು, ಹೊರಗಿನವರ ಹಾಗೆ’ ಎಂದು ಗದರಿಸುತ್ತಿದ್ದರು. ಹೇಳಬಾರದೆಂದೇ ಬೆಳೆದವರು ನಾವು.” ಅವನ ಮಾತು ನಿಜ. ನಮ್ಮಲ್ಲಿ ಉಪಕಾರಸ್ಮರಣೆಯನ್ನು ಬಾಯಿಂದ ಹೇಳುವುದಕ್ಕಿಂತ ನಡತೆಯಿಂದ ತೋರಿಸುವುದೇ ರೂಢಿ. ಆಯುಧಪೂಜೆಯ ದಿನ ಮರಗೆಲಸದವನು ಉಳಿಗೂ, ಚಾಲಕನು ಬಸ್ಸಿಗೂ, ನಾವು ಪ್ರಯೋಗಶಾಲೆಯ ತಕ್ಕಡಿಗೂ ಹೂವಿಡುತ್ತೇವೆ. ಸಂಕ್ರಾಂತಿಯಂದು ಎತ್ತಿನ ಕೊಂಬಿಗೆ ಬಣ್ಣ ಹಚ್ಚುತ್ತೇವೆ. ಆದರೆ ಹೇಳದೆ ಇರುವುದರಿಂದ ನಷ್ಟವೇನೂ ಇಲ್ಲವೇ? ಈ ಪ್ರಶ್ನೆಯನ್ನು ಮನಶ್ಶಾಸ್ತ್ರಜ್ಞರು ಪ್ರಯೋಗಕ್ಕೆ ಒಡ್ಡಿದ್ದಾರೆ.

ಕೃತಜ್ಞತೆಯನ್ನು ಅಳೆಯಬಹುದೇ?

2003ರಲ್ಲಿ ರಾಬರ್ಟ್ ಎಮ್ಮನ್ಸ್ ಮತ್ತು ಮೈಕೆಲ್ ಮೆಕಲೋ ಎಂಬ ಇಬ್ಬರು ಅಮೆರಿಕದ ವಿದ್ವಾಂಸರು ಒಂದು ಪ್ರಬಂಧವನ್ನು ಪ್ರಕಟಿಸಿದರು. ಅವರು ಕಾಲೇಜು ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿದರು. ಮೊದಲನೆಯ ಗುಂಪಿನವರು ಹತ್ತು ವಾರ, ವಾರಕ್ಕೊಮ್ಮೆ, ತಾವು ಕೃತಜ್ಞರಾಗಿರುವ ಐದರವರೆಗಿನ ವಿಷಯಗಳನ್ನು ಬರೆಯಬೇಕು. ಎರಡನೆಯವರು ತಮಗಾದ ಕಿರಿಕಿರಿಗಳನ್ನು. ಮೂರನೆಯವರು ನಡೆದ ಸಂಗತಿಗಳನ್ನು ಸುಮ್ಮನೆ. ಕೊನೆಯಲ್ಲಿ, ಮೊದಲನೆಯ ಗುಂಪಿನವರು ತಮ್ಮ ಜೀವನದ ವಿಷಯದಲ್ಲಿ ಹೆಚ್ಚು ತೃಪ್ತಿಯನ್ನೂ ಮುಂಬರುವ ವಾರದ ಬಗೆಗೆ ಹೆಚ್ಚು ಭರವಸೆಯನ್ನೂ ವರದಿ ಮಾಡಿದರು.

ವಿಜ್ಞಾನದ ವಿದ್ಯಾರ್ಥಿಯು ಒಂದೇ ಪ್ರಯೋಗಕ್ಕೆ ಮರುಳಾಗಬಾರದು. ಅನಂತರ ಇಂಥ ಅನೇಕ ಪ್ರಯೋಗಗಳು ನಡೆದಿವೆ. ಅವುಗಳನ್ನೆಲ್ಲ ಒಟ್ಟುಗೂಡಿಸಿ ತೂಗಿದವರು, ಪರಿಣಾಮವಿದೆ, ಆದರೆ ಅದು ಸಣ್ಣದು ಎಂದು ತೀರ್ಮಾನಿಸಿದ್ದಾರೆ. ಖಿನ್ನತೆಗೆ ಇದು ಔಷಧವಲ್ಲ. ವೈದ್ಯನ ಬದಲು ದಿನಚರಿಯ ಪುಸ್ತಕವನ್ನು ನಂಬುವುದು ಸರಿಯಲ್ಲ. ಹಾಗೆಂದು ಸಣ್ಣ ಪರಿಣಾಮವು ನಿಷ್ಫಲವೂ ಅಲ್ಲ.

ಇದಕ್ಕಿಂತ ಸ್ವಾರಸ್ಯವಾದುದು 2018ರಲ್ಲಿ ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಪ್ರಕಟಿಸಿದ ಶೋಧನೆ. ತಮಗೆ ಉಪಕಾರ ಮಾಡಿದವರಿಗೆ ಪತ್ರ ಬರೆಯುವಂತೆ ಅವರು ಕೆಲವರನ್ನು ಕೇಳಿದರು. ಪತ್ರವನ್ನು ಓದಿದವರಿಗೆ ಹೇಗನ್ನಿಸಬಹುದೆಂದು ಮೊದಲೇ ಊಹಿಸಲು ಹೇಳಿದರು. ಆಮೇಲೆ ಓದಿದವರನ್ನೇ ವಿಚಾರಿಸಿದರು. ಬರೆದವರ ಊಹೆಯೆಲ್ಲ ಒಂದೇ ದಿಕ್ಕಿನಲ್ಲಿ ತಪ್ಪಿತ್ತು. ಓದುವವರಿಗೆ ಮುಜುಗರವಾದೀತೆಂದು ಅವರು ಅಂಜಿದ್ದರು. ಮುಜುಗರ ಅಷ್ಟಾಗಿ ಆಗಲೇ ಇಲ್ಲ. ಆದ ಸಂತೋಷವು ಮಾತ್ರ ಊಹೆಗಿಂತ ಹೆಚ್ಚಾಗಿತ್ತು. ಭಾಷೆ ಸಾಲದೆಂದು, ಮಾತು ಬಾರದೆಂದು ನಾವು ಸುಮ್ಮನಾಗುತ್ತೇವೆ. ಓದುವವರು ಭಾಷೆಯನ್ನಲ್ಲ, ನೆನಪನ್ನು ನೋಡುತ್ತಾರೆ. ನಾನು ಹೇಳಿದ ಆ ವಿದ್ಯಾರ್ಥಿಯು, ರಾಜಾಜಿನಗರದ ಶಾಲೆಯಲ್ಲಿ ತನಗೆ ಬೀಜಗಣಿತ ಕಲಿಸಿದ ಮೇಷ್ಟ್ರಿಗೆ ಅದೇ ವಾರ ಕಾಗದ ಬರೆದನು. ನಿವೃತ್ತರಾದ ಆ ಹಿರಿಯರು ಅದನ್ನು ಮಡಿಸಿ ಕನ್ನಡಕದ ಪೆಟ್ಟಿಗೆಯಲ್ಲಿಟ್ಟುಕೊಂಡು, ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದರು.

ಒಂದು ಬಿಂದಿಗೆ ನೀರಿನ ಲೆಕ್ಕ

ಮನುಷ್ಯರಿಗೆ ಪತ್ರ ಬರೆಯಬಹುದು. ನೀರಿಗೆ, ನೆಲಕ್ಕೆ, ನದಿಗೆ ಹೇಗೆ ಬರೆಯುವುದು? ಇಲ್ಲಿ ಲೆಕ್ಕವೇ ನಮ್ಮ ಪತ್ರ.

ಬೆಂಗಳೂರಿಗೆ ನಲ್ಲಿಯ ನೀರು 1896ರಲ್ಲಿ ಹೆಸರಘಟ್ಟದಿಂದಲೂ, 1933ರಿಂದ ತಿಪ್ಪಗೊಂಡನಹಳ್ಳಿಯಿಂದಲೂ ಬಂದಿತು. 1974ರಿಂದ ಕಾವೇರಿಯ ನೀರು ಬರುತ್ತಿದೆ. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೊಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಅದನ್ನು ಪಂಪುಗಳು ಏರಿಸಬೇಕು. 15 ಲೀಟರ್ ಹಿಡಿಸುವ ಒಂದು ಬಿಂದಿಗೆಯ ನೀರಿನ ದ್ರವ್ಯರಾಶಿ 15 ಕಿಲೊಗ್ರಾಂ. ಇದನ್ನು 9.8 ಮತ್ತು 500ರಿಂದ ಗುಣಿಸಿದರೆ 73,500 ಜೂಲ್. ಕೊಳವೆಯ ಘರ್ಷಣೆ, ಯಂತ್ರದ ನಷ್ಟ ಇವುಗಳನ್ನು ಬಿಟ್ಟು ಇದು ಕನಿಷ್ಠ ಬೆಲೆ. ತುಂಬಿದ ಬಿಂದಿಗೆಯನ್ನು ಹೊತ್ತು ಒಬ್ಬನು ಚಾಮುಂಡಿ ಬೆಟ್ಟವನ್ನು ಹತ್ತಿದರೂ ಈ ಎತ್ತರ ಪೂರೈಸದು. ಬಸವೇಶ್ವರನಗರದಲ್ಲಿಯೋ ಕೆಂಗೇರಿಯಲ್ಲಿಯೋ ನಲ್ಲಿಯನ್ನು ತಿರುಗಿಸಿದಾಗ ಈ ಭಾರವನ್ನು ಯಾರೋ ನಮಗಾಗಿ ಹೊತ್ತು ತಂದಿರುತ್ತಾರೆ.

ಕಡಲೆಕಾಯಿಯನ್ನೂ ಇದೇ ತಕ್ಕಡಿಯಲ್ಲಿಡೋಣ. 30 ಗ್ರಾಂ ಬೀಜದಲ್ಲಿ ಸುಮಾರು 170 ಕಿಲೊಕ್ಯಾಲರಿ, ಎಂದರೆ ಸುಮಾರು 7 ಲಕ್ಷ ಜೂಲ್ ಶಕ್ತಿಯಿದೆ. ಒಂದು ಹಿಡಿ ಕಡಲೆಬೀಜದಲ್ಲಿ ಅಡಗಿರುವ ಬಿಸಿಲು, ನಷ್ಟವಿಲ್ಲದೆ ಬಳಸಬಹುದಾಗಿದ್ದರೆ, ಒಂಬತ್ತು ಬಿಂದಿಗೆಗೂ ಮಿಕ್ಕಿ ಕಾವೇರಿಯ ನೀರನ್ನು ಬೆಂಗಳೂರಿಗೆ ಏರಿಸಬಲ್ಲದು!

ಮನೆಗೆ ಬಂದ ನೀರಿನಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಕೊಳೆನೀರಾಗಿ ಹೊರಹೋಗುವುದೆಂದು ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಇಳಿಜಾರೆಲ್ಲ ವೃಷಭಾವತಿಯ ಕಣಿವೆಗೆ. ಈ ಹೊಳೆಯ ಹೆಸರನ್ನು ಗಮನಿಸಿರಿ. ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದವಳೆಂದು ಅವಳಿಗೆ ಆ ಹೆಸರು. ಅವಳ ಇನ್ನೊಂದು ಕವಲು ಮಲ್ಲೇಶ್ವರದ ನಂದಿತೀರ್ಥದ ಕಡೆಯಿಂದ ಬರುವುದು. ಅಲ್ಲಿಯ ಕಾಡುಮಲ್ಲೇಶ್ವರನ ಗುಡಿಯ ಬಳಿಯೂ ಕಡಲೆಕಾಯಿ ಪರಿಷೆ ನಡೆಯುವುದು. ಎರಡು ಪರಿಷೆಗಳ ನೆರಳಿನಲ್ಲಿ ಹುಟ್ಟಿದ ಈ ಹೊಳೆ ಮೈಸೂರು ರಸ್ತೆಯ ಮಗ್ಗುಲಲ್ಲಿ ಹರಿದು, ಕೆಂಗೇರಿಯನ್ನು ದಾಟಿ, ಬೈರಮಂಗಲದ ಕೆರೆಯನ್ನು ಹೊಕ್ಕು, ಅರ್ಕಾವತಿಯನ್ನು ಸೇರಿ, ಕೊನೆಗೆ ಸಂಗಮದಲ್ಲಿ ಕಾವೇರಿಗೆ ಕೂಡುತ್ತದೆ.

ಎಂದರೆ ಕಾವೇರಿಯಿಂದ ಎತ್ತಿ ತಂದ ನೀರನ್ನು ನಾವು ವೃಷಭಾವತಿಯ ಕೈಯಲ್ಲಿ ಕಾವೇರಿಗೇ ಹಿಂದಿರುಗಿಸುತ್ತಿದ್ದೇವೆ. ಆದರೆ ಎಂಥ ನೀರನ್ನು? ಸ್ವಚ್ಛವಾದ ಹೊಳೆಯ ನೀರು 25 ಸೆಂಟಿಗ್ರೇಡ್ ಉಷ್ಣತೆಯಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಂಡಿರಬಲ್ಲದು. ಮೀನು ಬದುಕುವುದು ಅದರಿಂದಲೇ. ಕೊಳೆ ಸೇರಿದಾಗ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ಈ ಆಮ್ಲಜನಕವನ್ನೆಲ್ಲ ಉಸಿರಾಡಿ ಮುಗಿಸುತ್ತವೆ. ಆಗ ಗಾಳಿಯಿಲ್ಲದೆ ಬದುಕುವ ಜೀವಿಗಳು ಹುಟ್ಟಿಕೊಂಡು ದುರ್ಗಂಧವನ್ನು ಬಿಡುತ್ತವೆ, ನೀರು ಕಪ್ಪಾಗುವುದು, ಸಾಬೂನಿನ ಅಂಶಗಳು ನೊರೆಯಾಗಿ ಏಳುವುವು. ವೃಷಭಾವತಿಯ ಇಂದಿನ ಸ್ಥಿತಿ ಇದು. ಬೈರಮಂಗಲದ ಅಚ್ಚುಕಟ್ಟಿನ ರೈತನ ಗದ್ದೆಗೆ ಹರಿಯುವುದೂ ಇದೇ ನೀರು. ಈ ರೋಗಕ್ಕೆ ಔಷಧ ತಿಳಿಯದೆ ಇಲ್ಲ. ಕೊಳೆನೀರಿಗೆ ಗಾಳಿಯೂಡಿ ಶುದ್ಧಿ ಮಾಡುವ ವಿಧಾನಕ್ಕೆ ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ; ಹೊಳೆಯನ್ನು ಸೇರುವ ಪ್ರತಿಯೊಂದು ಹನಿಯೂ ಆ ದಾರಿಯಲ್ಲಿ ಹಾದು ಬರುವಂತೆ ನೋಡಿಕೊಳ್ಳುವುದೊಂದೇ ಉಳಿದಿದೆ.

ನಮ್ಮ ಮನೆಗಳಲ್ಲಿ ಒಂದು ಸಂಪ್ರದಾಯವುಂಟು. ನೆರೆಮನೆಯವರು ಪಾತ್ರೆಯಲ್ಲಿ ಏನಾದರೂ ಕೊಟ್ಟು ಕಳುಹಿಸಿದರೆ ಆ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು. ಬೇರೇನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಬೇಕು. ಕನಿಷ್ಠ ಪಕ್ಷ ಅದನ್ನು ತೊಳೆದಾದರೂ ಕೊಡಬೇಕೆಂಬುದನ್ನು ಯಾರೂ ಹೇಳಬೇಕಾಗಿಲ್ಲ. ಪರದೇಶದಲ್ಲಿ ಕೃತಜ್ಞತೆಯ ಹಬ್ಬವನ್ನು ಕಲಿತ ಕನ್ನಡಿಗನಿಗೂ, ಊರಿನಲ್ಲಿಯೇ ಪರಿಷೆಗೆ ಹೋಗುವ ವಿದ್ಯಾರ್ಥಿಗೂ ಈ ಒಂದು ನಿಯಮ ಸಾಕು. ಮುಂದಿನ ಕಾರ್ತಿಕದಲ್ಲಿ ಕಡಲೆಕಾಯಿಯ ಪೊಟ್ಟಣವನ್ನು ಕೈಗೆ ತೆಗೆದುಕೊಂಡಾಗ, ನಾಲ್ಕು ಹಸಿ ಬೀಜಗಳನ್ನು ಉಳಿಸಿಕೊಂಡು ಮನೆಯ ಕುಂಡದಲ್ಲಿ ಊರಿರಿ. ಹೂವು ಬಾಡಿ ಮೊನೆ ಮಣ್ಣಿಗೆ ಇಳಿಯುವುದನ್ನು ಕಣ್ಣಾರೆ ನೋಡಿರಿ. ಕೀಳುವಾಗ ಬೇರಿನ ಗಂಟನ್ನು ಸೀಳಿ ಅದರ ಬಣ್ಣವನ್ನು ಪರೀಕ್ಷಿಸಿರಿ. ಆಮೇಲೆ, ನಿಮ್ಮ ಮನೆಯ ಚರಂಡಿಯ ನೀರು ಯಾವ ದಾರಿಯಲ್ಲಿ ಹೋಗಿ ಎಲ್ಲಿ ವೃಷಭಾವತಿಯನ್ನು ಸೇರುತ್ತದೆಂಬುದನ್ನು ಒಂದು ನಕ್ಷೆಯಲ್ಲಿ ಗುರುತಿಸಿರಿ.